ಅಡುಗೆ ಕೆಡಿಸುವ ಹಕ್ಕು

ಮೊನ್ನೆ ಭಾನುವಾರ ನಮ್ಮನೇಲಿ ಥಾಯ್ ಗ್ರೀನ್ ಕರಿ. ಮಾಡಿದ್ದು ನಾನು. ಭಾನುವಾರ ಅಡುಗೆಮನೆ ನಂದು ಅಂತ ಮನೆಯಲ್ಲೊಂದು ಅಲಿಖಿತ ಕಾನೂನಿದೆ. ಆವತ್ತು ಉಳಿದವರೆಲ್ಲ ಸುಮ್ಮನೆ ತಿನ್ನಬೇಕು ಅನ್ನೋದೂ ಅದರಲ್ಲೇ ಸೇರಿದೆ :-)

ಅಂಗಡಿಯ ಕರಿ ಪೇಸ್ಟ್‌ನಲ್ಲಿ ಎಷ್ಟೋ ಸಲ ಸಿಗಡಿ ಇರುತ್ತೆ. ಹಾಗಾಗಿ ನಾನೇ ರುಬ್ಬಿದೆ. ಹಸಿಮೆಣಸಿನಕಾಯಿ, ಕಡ್ಡಿ ಸಮೇತ ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಜೀರಿಗೆ, ಕುಂಡದಲ್ಲಿ ಬೆಳೆದ ಮಜ್ಜಿಗೆ ಹುಲ್ಲು. ಅವರ ಗಲಾಂಗಲ್ ಬದಲು ಶುಂಠಿ, ಅವರ ನಿಂಬೆ ಎಲೆ ಬದಲು ನಮ್ಮ ಹೇರಳೆ ಎಲೆ. ಕಾಯಿಹಾಲಲ್ಲಿ ಗುಂಡು ಬದನೆ ಬೆಂದಿತ್ತು. ಘಮ ಏನೋ ಚೆನ್ನಾಗಿತ್ತು, ಆದ್ರೆ ರುಚಿ ಯಾಕೋ ಕೂಡಿ ಬಂದಿರಲಿಲ್ಲ.

ಅಮ್ಮ ಅಂಗೈಗೆ ಎರಡು ಹನಿ ಹಾಕ್ಕೊಂಡು ನೆಕ್ಕಿ, "ಉಪ್ಪು ಸಾಲದು ಕಣೋ. ಒಂದು ಚೂರು ಬೆಲ್ಲ ಹಾಕು" ಅಂದಳು.

ಹಾಕಿದೆ. ಸರಿಯಾಯ್ತು!

ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸ ಮಾಡೋದು ಮೀನಿನ ಸಾಸ್. ಅದನ್ನ ಬಿಟ್ಟಿದ್ದೆ, ಅದರ ಜಾಗಕ್ಕೆ ಏನೂ ಹಾಕಿರಲಿಲ್ಲ. ಖಾರವನ್ನ ಹದಕ್ಕೆ ತರೋದು ಅವರಲ್ಲಿ ತಾಳೆ ಬೆಲ್ಲ. ಥಾಯ್ಲೆಂಡ್ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸೋಕೆ ಬಾರದ ಅಮ್ಮ ಆ ಎರಡನ್ನೂ ಎರಡೇ ಹನಿಯಲ್ಲಿ ಕಂಡುಹಿಡಿದಳು. ಐವತ್ತು ವರ್ಷ ಗೊಜ್ಜು ಮಾಡಿದ ನಾಲಿಗೆ ಅದು.

ಬೇರೆ ದೇಶದ ರುಚಿ ಮನೆಗೆ ತಂದರೆ "ನಮ್ಮತನ" ಹಾಳಾಗುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಶೇಂಗಾ, ಗೋಡಂಬಿ ಎಲ್ಲ ಅಮೆರಿಕ ಖಂಡದಿಂದ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ತಿರ ಇಳಿದಿದ್ದು 1498ರಲ್ಲಿ. ಅದಕ್ಕೂ ಮುಂಚೆ ನಮ್ಮ ಸಾರಿಗೆ ಖಾರ ಕೊಡ್ತಿದ್ದದ್ದು ಕಾಳುಮೆಣಸು. ಹೊಸ ಕಾಯಿಗೆ ನಾವು ಹಳೇ ಮೆಣಸಿನ ಹೆಸರನ್ನೇ ಇಟ್ಟು "ಮೆಣಸಿನಕಾಯಿ" ಅಂತ ಮನೆಯವನಾಗಿ ಮಾಡ್ಕೊಂಡ್ವಿ. ಎರಡನೇ ಚಾವುಂಡರಾಯ 1025ರ ಸುಮಾರಿಗೆ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯದ್ದೂ ಒಂದು ಅಧ್ಯಾಯ ಇದೆ. ಆ ಅಡುಗೆಯವರು ಇವತ್ತಿನ ಟೊಮೇಟೊ ಸಾರು ಉಂಡರೆ "ಇದು ಯಾವ ದೇಶದ್ದು?" ಅಂತ ಕೇಳ್ತಾರೆ.

ಹಾಗಂತ ಸಿಕ್ಕಿದ್ದನ್ನೆಲ್ಲ ಬೆರೆಸಿ, ಮೇಲೆ ಚೀಸ್ ಉದುರಿಸಿದರೆ ಹೊಸ ಅಡುಗೆ ಆಗಲ್ಲ. ಒಂದು ವಸ್ತು ಬಿಟ್ಟರೆ ಅದು ಅಲ್ಲಿ ಏನು ಕೆಲಸ ಮಾಡ್ತಿತ್ತು ಅಂತ ಗೊತ್ತಿರಬೇಕು. ಇಟಲಿಯ ಜಿನೋವಾದ ಪೆಸ್ಟೊ ನೋಡಿ. ಕುಟ್ಟಿದ್ದು ಅನ್ನೋದೇ ಆ ಹೆಸರಿನ ಅರ್ಥ, ಅಂದ್ರೆ ಅವರ ಚಟ್ನಿ. ಅದಕ್ಕೆ ಹಾಕುವ ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ನಮ್ಮಂಥ ಸಸ್ಯಾಹಾರಿಗಳಿಗೆ ಆಗಿಬರಲ್ಲ. ನಾನು ಕಾಮಕಸ್ತೂರಿ ಜೊತೆ ಕೊತ್ತಂಬರಿ ಸೊಪ್ಪು, ಹುರಿದ ಶೇಂಗಾ ಕುಟ್ಟಿ, ಎಣ್ಣೆ, ಉಪ್ಪು, ನಿಂಬೆರಸ ಹಾಕ್ತೀನಿ. ಜಿನೋವಾದವರು ಇದನ್ನ ಪೆಸ್ಟೊ ಅನ್ನಲಿಕ್ಕಿಲ್ಲ. ಬೇಡ ಬಿಡಿ, ಪಾಸ್ತಾಗೂ ಆಗುತ್ತೆ, ದೋಸೆಗೂ ಆಗುತ್ತೆ.

ಈಗ ಹೇಳಬೇಕಾದ ಮಾತಿಗೆ ಬರ್ತೀನಿ. ನಾನು ಚಿಕ್ಕವನಿದ್ದಾಗ ಅಮ್ಮ ಯಾವುದೋ ಪತ್ರಿಕೆ ನೋಡಿ ಹೂಕೋಸಿಗೆ ಹಾಲು, ಮೈದಾದ ಬಿಳೀ ಸಾಸ್ ಮಾಡಿದ್ದಳು. ಗಂಟುಗಂಟಾಗಿತ್ತು. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿ "ಉಪ್ಪಿನಕಾಯಿ ಕೊಡು" ಅಂದ್ರು. ನಾನು "ಅಮ್ಮ, ಇದು ಪೋಸ್ಟರ್ ಅಂಟಿಸೋ ಗೋಂದಾ?" ಅಂತ ಕೇಳಿ ಎಲ್ಲರನ್ನೂ ನಗಿಸಿದೆ. ಅಮ್ಮನೂ ನಕ್ಕಳು. ಆಮೇಲೆ ಅವಳು ಪತ್ರಿಕೆ ನೋಡಿ ಅಡುಗೆ ಮಾಡಿದ್ದು ನನಗೆ ನೆನಪಿಲ್ಲ.

ನನ್ನ ಕರಿ ಕೆಟ್ಟರೆ ಅದು "ಪ್ರಯೋಗ". ಫೋಟೋ ಬೇರೆ ತೆಗೀತೀವಿ. ಅಮ್ಮಂದು ಕೆಟ್ಟರೆ ದಂಡ, ಸಾಮಾನು ಹಾಳು. ಕಲ್ಲಂಗಡಿಯ ಬಿಳೀ ತಿರುಳಿಗೆ ಅಕ್ಕಿ ಸೇರಿಸಿ ದೋಸೆ, ಹೀರೆಕಾಯಿ ಸಿಪ್ಪೆಯ ಚಟ್ನಿ, ಹಲಸಿನ ಬೀಜದ ಸಾರು, ನಿನ್ನೆಯ ಅನ್ನ ಕಲಸಿ ರೊಟ್ಟಿ... ಇಷ್ಟೆಲ್ಲ ಮಾಡಿದವಳನ್ನ ನಾವು "ಹೊಂದಿಸಿಕೊಂಡು ಹೋಗ್ತಾಳೆ" ಅಂದ್ವಿ. ವಾರಕ್ಕೊಂದು ದಿನ ಸೌಟು ಹಿಡಿಯೋ ನನ್ನನ್ನ ನೆಂಟರು "ಕ್ರಿಯೇಟಿವ್" ಅಂತಾರೆ. ಹೆಂಡತಿ ವಾರದ ಉಳಿದ ಆರು ದಿನ ಮಾಡೋದಕ್ಕೆ ಆ ಪದ ಯಾರೂ ಬಳಸಿದ್ದು ನಾನಂತೂ ಕೇಳಿಲ್ಲ.

ಹೊಸ ರುಚಿಗೆ ಗಲಾಂಗಲ್, ಆಲಿವ್ ಎಣ್ಣೆಗಿಂತ ಮೊದಲು ಬೇಕಾಗಿರೋದು ಕೆಡಿಸುವ ಹಕ್ಕು ಅಂತ ನನಗನ್ಸುತ್ತೆ. ಅದು ದಿನಾ ಒಲೆ ಮುಂದೆ ನಿಲ್ಲೋರಿಗೆ ಮೊದಲು ಸಿಗಬೇಕು. ಕೆಟ್ಟರೆ ಉಳಿದವರು ಮುಖ ಸಿಂಡರಿಸದೆ ಉಣ್ಣಬೇಕು, ಪಾತ್ರೆ ತೊಳೀಬೇಕು.

ಮುಂದಿನ ಭಾನುವಾರ ಅಡುಗೆಮನೆ ಅಮ್ಮಂದು ಅಂತ ಹೇಳಿದ್ದೀನಿ. "ಏನು ಮಾಡ್ತೀಯ?" ಅಂದ್ರೆ, "ಆ ಬಿಳೀ ಸಾಸ್‌ಗೆ ಹಿಟ್ಟು ಮೊದಲು ಬೆಣ್ಣೆಯಲ್ಲಿ ಹುರೀಬೇಕಿತ್ತು, ಹಾಲು ಸ್ವಸ್ವಲ್ಪ ಹಾಕಬೇಕಿತ್ತು" ಅಂದಳು. ಇಷ್ಟು ವರ್ಷವೂ ಅದು ಅವಳ ತಲೆಯಲ್ಲಿತ್ತು ಅಂತಾಯ್ತು.

ನಿಮ್ಮನೇಲಿ ಹೇಗೆ? ಯಾರಿಗೆ ಕೆಡಿಸೋಕೆ ಬಿಡ್ತೀರಿ?