ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಒಳ್ಳೆಯ ಕಾಗದ

ಮಕ್ಕಳೇ, ಮನೆಯ ಹಿರಿಯರ ಮೊಬೈಲಿನಲ್ಲಿ ಜಿಮೇಲ್ ತೆರೆದು ನೋಡಿ. ‘ಸ್ಪ್ಯಾಮ್’ ಎಂಬ ಪೆಟ್ಟಿಗೆ ಒಂದಿರುತ್ತದೆ. ಬೇಡದ ಇ-ಮೇಲ್‌ಗಳು ತಾವಾಗಿ ಅಲ್ಲಿಗೆ ಹೋಗಿ ಬೀಳುತ್ತವೆ. ಭಾಲ್ಕಿಯಲ್ಲಿರುವ ಮೊಮ್ಮಗಳು ನನ್ನನ್ನು ಕೇಳಿದಳು: “ಮುತ್ಯಾ, ಒಳಗ ಯಾರರೆ ಕುಂತು ಎಲ್ಲಾ ಓದ್ತಾರೇನು?”

ಯಾರೂ ಕುಂತಿಲ್ಲ. ಇ-ಮೇಲಿನ ಅಂಚೆ ಕಚೇರಿಗೆ ಮೇಲ್ ಸರ್ವರ್ ಎನ್ನುತ್ತಾರೆ, ಅದೊಂದು ಕಂಪ್ಯೂಟರ್. ನಮ್ಮ ಬೀದರ ಕೋಟೆಗೆ ಒಂದರ ಹಿಂದೊಂದು ದರವಾಜೆ ಇರುವಂತೆ ಅಲ್ಲಿಯೂ ಇವೆ. ಮೊದಲನೆಯದರಲ್ಲಿ, ಕಳಿಸಿದ ಯಂತ್ರ ಕೆಟ್ಟ ಹೆಸರಿನವರ ಪಟ್ಟಿಯಲ್ಲಿದೆಯೇ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಸಹಿಯ ಪರೀಕ್ಷೆ. ಔರಾದ್ ಶಾಖೆಯಲ್ಲಿ ಚೆಕ್ ಬಂದರೆ ನಾವು ಮಾದರಿ ಸಹಿಯ ಕಾರ್ಡು ತೆಗೆದು ಹೋಲಿಸುತ್ತಿದ್ದೆವು. ಇಲ್ಲಿ ಅದೇ ಕೆಲಸವನ್ನು ಡಿಕೆಐಎಂ ಎಂಬ ಗುಪ್ತ ಸಹಿಯಿಂದ ಯಂತ್ರವೇ ಮಾಡುತ್ತದೆ.

ಮೂರನೆಯದು ನನಗೆ ಬಹಳ ಹಿಡಿಸಿದ್ದು. ಅಲ್ಲಿ ಮಾತುಗಳನ್ನು ತೂಗುತ್ತಾರೆ. ‘ಲಾಟರಿ’ ಎಂಬ ಪದ 100 ಕೆಟ್ಟ ಕಾಗದಗಳಲ್ಲಿ 40ರಲ್ಲಿ ಬಂದಿದೆ, 100 ಒಳ್ಳೆಯ ಕಾಗದಗಳಲ್ಲಿ ಒಂದರಲ್ಲಿ ಮಾತ್ರ ಬಂದಿದೆ ಅಂದುಕೊಳ್ಳಿ. ಆಗ ಆ ಪದ ತಕ್ಕಡಿಯನ್ನು ಕೆಟ್ಟದ್ದರ ಕಡೆಗೆ ಎಳೆಯುತ್ತದೆ. ‘ಮುತ್ಯಾ, ಜ್ವರ ಇಳೀತೇನು’ ಎಂಬುದು ಒಳ್ಳೆಯದರ ಕಡೆಗೆ. ಎಲ್ಲ ಪದಗಳ ತೂಕ ಕೂಡಿಸಿ ತೀರ್ಮಾನ. ಈ ಲೆಕ್ಕದ ಮೂಲ 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದು. 2002ರಲ್ಲಿ ಪಾಲ್ ಗ್ರಹಾಂ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದ ಲೇಖನದಿಂದ ಇ-ಮೇಲ್ ಸೋಸುವವರಲ್ಲಿ ಇದು ಹೆಸರಾಯಿತು. (ಬೇಡದ ಕಾಗದದ ಪೀಡೆ ಅದಕ್ಕಿಂತ ಹಳೆಯದು. 1978ರಲ್ಲೇ ಒಬ್ಬ ಅಮೆರಿಕನ್ ಕಂಪ್ಯೂಟರ್ ಮಾರಲು ಸುಮಾರು 400 ಜನರಿಗೆ ಒಂದೇ ಏಟಿಗೆ ಕಳಿಸಿ ಬೈಸಿಕೊಂಡಿದ್ದ!)

ಆದರೆ ತಕ್ಕಡಿಗೆ ಮನಸ್ಸು ಓದಲು ಬರುವುದಿಲ್ಲ. ನಮ್ಮ ಓಣಿಯ ಹುಡುಗನೊಬ್ಬನಿಗೆ ಕಾಲೇಜಿನಿಂದ ಸೀಟಿನ ಕಾಗದ ಬರಬೇಕಿತ್ತು. ಅವರವ್ವ ದಿನಾ ಕೇಳಿದರೂ ‘ಬಂದಿಲ್ಲ’ ಎಂಬುದೇ ಉತ್ತರ. ಕೊನೆಗೆ ಸಿಕ್ಕಿದ್ದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ, ಹಣ ಕಟ್ಟಲು ಎರಡೇ ದಿನ ಉಳಿದಾಗ. ಕಾಗದ ಓದಿದರೆ ಏನಿದೆ? ‘ಅಭಿನಂದನೆಗಳು! ನೀವು ಆಯ್ಕೆಯಾಗಿದ್ದೀರಿ. ಕೂಡಲೇ ಹಣ ಕಟ್ಟಿ, ಇಲ್ಲಿ ಒತ್ತಿ.’ ಕಳ್ಳರ ಮಾತೂ ಹೀಗೇ ಅಲ್ಲವೇ? ಯಂತ್ರವನ್ನು ನಾನು ಪೂರ್ತಿ ಬೈಯಲಾರೆ. ಕಾಲೇಜಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು, ಹುಡುಗ ಮರುದಿನವೇ ಹಣ ಕಟ್ಟಿದ.

ಜಿಮೇಲ್‌ನಲ್ಲಿ ಸ್ಪ್ಯಾಮ್ ಕಾಗದಗಳು 30 ದಿನಕ್ಕೆ ಅಳಿಸಿಹೋಗುತ್ತವೆ. ವಾರಕ್ಕೊಮ್ಮೆ ಇಣುಕಿ. ಒಳ್ಳೆಯದು ಸಿಕ್ಕರೆ ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿ. ಅದರಿಂದ ಯಂತ್ರ ಕಲಿಯುತ್ತದೆ.

ಹಿರಿಯರಿಗೆ ಇನ್ನೊಂದು ಮಾತು. ಕಳ್ಳನೂ ತನ್ನದೇ ವಿಳಾಸ ಮಾಡಿಕೊಂಡು ಸರಿಯಾದ ಸಹಿ ಹಾಕಿ ಮೂರೂ ದರವಾಜೆ ದಾಟಬಲ್ಲ. ಅದಕ್ಕೇ ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕುಗಳ ಜಾಲತಾಣದ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕೆಂದು ಆದೇಶಿಸಿತು. ಬ್ಯಾಂಕಿನ ಹೆಸರಿನಲ್ಲಿ ಕಾಗದ ಬಂದರೆ ಅದರೊಳಗಿನ ಕೊಂಡಿ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ಅಕ್ಷರ ಅಕ್ಷರ ಓದಿಸಿಕೊಳ್ಳಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.