ಲೆಕ್ಕಕ್ಕಿಲ್ಲದ ಇಂಗ್ಲೀಷಿಗೆ ಬಾಗಿಲ ಕಾವಲು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ಗಿರಣಿ ಕೇರಿಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ಏಳುತ್ತದೆ. ಮಗ ಗಣಿತದಲ್ಲಿ ಚೆನ್ನಾಗಿ ಮಾಡಿದ್ದಾನೆ, ಸಿ.ಇ.ಟಿ.ಯಲ್ಲೂ ಕೈಗೆ ಬರುವಷ್ಟು ಅಂಕ ಸಿಗುವ ಹಾಗಿದೆ, ಆದರೆ ಇಂಗ್ಲೀಷಿನಲ್ಲಿ ನಪಾಸು. ರ‍್ಯಾಂಕು ಎಷ್ಟು ಕೆಳಗಿಳಿದೀತು? ಕೇಳುವ ತಂದೆಗೆ ಉತ್ತರ ಹೇಳುವುದು ಕಷ್ಟದ ಕೆಲಸ. ರ‍್ಯಾಂಕು ಇಳಿಯುವ ಮಾತೇ ಇಲ್ಲ. ಇಂಗ್ಲೀಷು ಪಾಸಾಗುವ ತನಕ ಆ ಹುಡುಗನಿಗೆ ರ‍್ಯಾಂಕೇ ಇಲ್ಲ.

ನಿಯಮವನ್ನು ವಾಚಕರು ಒಮ್ಮೆ ಸಾವಧಾನದಿಂದ ನೋಡಬೇಕು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರ ಅಂಕದಿಂದ ಅರ್ಧ, ಸಿ.ಇ.ಟಿ.ಯ 180 ಅಂಕದಿಂದ ಅರ್ಧ ತೆಗೆದುಕೊಳ್ಳುತ್ತಾರೆ. ಎರಡು ಭಾಷೆಗಳ 200 ಅಂಕಕ್ಕೆ ಅಲ್ಲಿ ಕಾಸಿನ ಬೆಲೆಯಿಲ್ಲ. ಇಂಗ್ಲೀಷಿನಲ್ಲಿ 98 ತಂದವನಿಗೂ 40 ತಂದವನಿಗೂ ಒಂದೇ ಗತಿ. ಆದರೆ ಅರ್ಹತೆಯ ಷರತ್ತಿನಲ್ಲಿ, ಇಂಗ್ಲೀಷನ್ನು ಒಂದು ಭಾಷೆಯಾಗಿ ಓದಿ ಪರೀಕ್ಷೆ ಪಾಸಾಗಿರಬೇಕೆಂದು ಬರೆದಿದೆ. ಮಕ್ಕಳಾಟದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ಆ ಕೂಸಿನ ಕೈಗೆ ಇಲ್ಲಿ ಬಾಗಿಲ ಬೀಗದ ಕೈ ಕೊಟ್ಟಿದ್ದಾರೆ!

ಅಂಗಡಿಯ ಲೆಕ್ಕದ ಹಾಗೆ ಒಂದು ಲೆಕ್ಕ ಹಾಕೋಣ. ಒಬ್ಬ ಹುಡುಗ ಮೂರು ವಿಷಯಗಳಲ್ಲಿ 300ಕ್ಕೆ 270, ಸಿ.ಇ.ಟಿ.ಯಲ್ಲಿ 180ಕ್ಕೆ 108 ತಂದನೆನ್ನಿ. ಅವನ ಸರಾಸರಿ ನೂರಕ್ಕೆ 75. ಇನ್ನೊಬ್ಬನದು 150 ಮತ್ತು 45, ಸರಾಸರಿ 37.5. ಮೊದಲನೆಯವನಿಗೆ ಇಂಗ್ಲೀಷಿನಲ್ಲಿ 29, ಎರಡನೆಯವನಿಗೆ 30. ಬಹುಕಾಲ ಪ್ರತಿ ವಿಷಯಕ್ಕೂ 35 ಬೇಕಿತ್ತು. 2025ರ ಅಕ್ಟೋಬರಿನಲ್ಲಿ ಸರಕಾರ ಅದನ್ನು ಸಡಿಲಿಸಿ, ಒಟ್ಟು 600ಕ್ಕೆ 198 ಇದ್ದರೆ ವಿಷಯಕ್ಕೆ 30 ಸಾಕೆಂದು ಸಾರಿತು. ಆದ್ದರಿಂದ ಎರಡನೆಯವನು ರ‍್ಯಾಂಕಿನ ಪಟ್ಟಿಯಲ್ಲಿ ಎಲ್ಲೋ ಒಂದೆಡೆ ನಿಲ್ಲುತ್ತಾನೆ. ಮೊದಲನೆಯವನು ಪಟ್ಟಿಯ ಹೊರಗೆ. 37.5 ಅಂಕದ ಅಂತರವನ್ನು ಒಂದೇ ಒಂದು ಅಂಕ ತಿಂದುಹಾಕಿತು. ಇಂಥ ತಕ್ಕಡಿಯನ್ನು ಸಂತೆಯಲ್ಲಿ ಯಾವ ವ್ಯಾಪಾರಿಯಾದರೂ ಇಟ್ಟುಕೊಂಡಿದ್ದರೆ ಅಳತೆ ಇಲಾಖೆಯವರು ಸುಮ್ಮನೆ ಬಿಡುತ್ತಿದ್ದರೇ?

ಅಷ್ಟು ಜಾಣನಾದವನು ಇಂಗ್ಲೀಷಿನಲ್ಲಿ ಏಕೆ ಸೋತ ಎಂದು ಪಟ್ಟಣದ ದೊಡ್ಡ ಮನುಷ್ಯರು ಕೇಳುತ್ತಾರೆ. ಉತ್ತರ ಅವರ ನಿಯಮದಲ್ಲೇ ಇದೆ. ರ‍್ಯಾಂಕಿಗೆ ಬಾರದ ವಿಷಯಕ್ಕೆ ಯಾರು ಹೊತ್ತು ಕೊಡುತ್ತಾರೆ? ಕಾಲೇಜೂ ಕೊಡದು, ಟ್ಯೂಷನ್ನಿನವನೂ ಕೊಡ. ಅನುಕೂಲಸ್ಥರ ಮಗ ಶಿಶುವಿಹಾರದಿಂದಲೇ ಇಂಗ್ಲೀಷು ಮಾತಾಡಿ ಬಂದವನು. ಅವನಿಗೆ ಪರೀಕ್ಷೆಯ ಹಿಂದಿನ ರಾತ್ರಿ ಸಾಕು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದ ಕಾರ್ಮಿಕನ ಮಗ ಒಮ್ಮೆಗೇ ಇಂಗ್ಲೀಷಿನಲ್ಲಿರುವ ವಿಜ್ಞಾನದ ಪುಸ್ತಕಗಳ ಎದುರು ಕೂರುತ್ತಾನೆ. ಎರಡು ವರ್ಷ ಶಬ್ದಶಬ್ದಕ್ಕೂ ಗುದ್ದಾಡಿ, ಅದೇ ಭಾಷೆಯಲ್ಲಿ ಭೌತಶಾಸ್ತ್ರ ಬರೆದು 90 ತರುತ್ತಾನೆ. ಯಂತ್ರವನ್ನು ಓದಿ ತಿಳಿಯುವಷ್ಟು ಇಂಗ್ಲೀಷು ಅವನಿಗೆ ಬಂತೆಂಬುದಕ್ಕೆ ಆ ಉತ್ತರಪತ್ರಿಕೆಗಿಂತ ಬೇರೆ ಸಾಕ್ಷಿ ಬೇಕೆ? ಅವನು ಎಡವಿದ್ದು ಪದ್ಯದ ಭಾವಾರ್ಥದಲ್ಲಿ, ವ್ಯಾಕರಣದ ಸುಳಿಯಲ್ಲಿ.

ಈ ರ‍್ಯಾಂಕಿನ ಪದ್ಧತಿ ಬಂದದ್ದೇ ಹಣದ ಕಾಟವನ್ನು ತಡೆಯಲು ಎಂಬುದನ್ನು ಮರೆಯಬಾರದು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕದ ವಿರುದ್ಧ ಕಾಯಿದೆ ಆಯಿತು, 1992 ಮತ್ತು 1993ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳು ಬಂದವು, 1994ರಿಂದ ಸಿ.ಇ.ಟಿ. ನಡೆಯಿತು. ಥೈಲಿಯಿಲ್ಲದವನ ಮಗನೂ ಸೀಟು ಪಡೆಯಲಿ ಎಂಬುದೇ ಅದರ ಉದ್ದೇಶ. ಆ ಬಾಗಿಲಿಗೆ ಮತ್ತೊಂದು ಬೀಗವೇಕೆ?

ಬೀಗ ತೆಗೆದರೆ ವಿದ್ಯೆಯ ಮಟ್ಟ ಕುಸಿಯುವುದೆಂಬ ಕೂಗು ಏಳುತ್ತದೆ. 2021ರಲ್ಲಿ ಕೋವಿಡ್ಡಿನ ಕಾರಣ ದ್ವಿತೀಯ ಪಿ.ಯು.ಸಿ. ಪರೀಕ್ಷೆಯೇ ನಡೆಯಲಿಲ್ಲ. ತರಗತಿಯಲ್ಲಿ ಓದುತ್ತಿದ್ದವರನ್ನೆಲ್ಲ ಪಾಸು ಮಾಡಿ, ಸಿ.ಇ.ಟಿ. ಅಂಕವೊಂದನ್ನೇ ಹಿಡಿದು ರ‍್ಯಾಂಕು ಕೊಟ್ಟರು. ಇಂಗ್ಲೀಷಿನ ಕಾವಲುಗಾರನಿಲ್ಲದೆಯೇ ಕಾಲೇಜುಗಳು ತುಂಬಿದವು. ಆಕಾಶವೇನೂ ಕಳಚಿ ಬೀಳಲಿಲ್ಲ.

ಈ ಜಗಳ ಹೊಸದಲ್ಲ. 1967ರಲ್ಲಿ ಬಿಹಾರದ ವಿದ್ಯಾಮಂತ್ರಿಯಾಗಿದ್ದ ಸಮಾಜವಾದಿ ಕರ್ಪೂರಿ ಠಾಕೂರರು ಮೆಟ್ರಿಕ್ ಪಾಸಾಗಲು ಇಂಗ್ಲೀಷು ಕಡ್ಡಾಯವಲ್ಲ ಎಂದು ಆಜ್ಞೆ ಮಾಡಿದರು. ಕ್ಷೌರಿಕರ ಮನೆಯಲ್ಲಿ ಹುಟ್ಟಿದ ಅವರಿಗೆ ಆ ಬಾಗಿಲಲ್ಲಿ ಯಾರ ಮಕ್ಕಳು ನಿಂತುಬಿಡುತ್ತಾರೆಂಬುದು ಗೊತ್ತಿತ್ತು. ಹಾಗೆ ಪಾಸಾದವರನ್ನು 'ಕರ್ಪೂರಿ ಡಿವಿಜನ್' ಎಂದು ಹಂಗಿಸಿದರು. 2024ರಲ್ಲಿ ಅದೇ ಠಾಕೂರರಿಗೆ ಮರಣೋತ್ತರವಾಗಿ ಭಾರತರತ್ನ ಕೊಟ್ಟರೆನ್ನಿ. ಹಂಗಿಸಿದವರ ಮಾತು ಹಾಗೆಯೇ ಉಳಿಯಿತು. ಆದರೂ ಒಂದು ಮಾತನ್ನು ನಾವು ಮುಚ್ಚಿಡುವುದಿಲ್ಲ. ಕಡ್ಡಾಯವನ್ನು ತೆಗೆದರಷ್ಟೇ ಸಾಲದು. ಕಲಿಸುವುದನ್ನೇ ಬಿಟ್ಟರೆ ಬಡವನ ಮಗ ಮುಂದೆ ಕಛೇರಿಯ ಬಾಗಿಲಲ್ಲಿ ಅದೇ ಇಂಗ್ಲೀಷಿಗೆ ಸೋಲುತ್ತಾನೆ. ಇಂಗ್ಲೀಷನ್ನು ಯಜಮಾನಿಕೆಯಿಂದ ಇಳಿಸಬೇಕೆಂದು ಲೋಹಿಯಾರವರು ಕೇಳಿದರೇ ಹೊರತು ಕಲಿಯಬೇಡಿರೆಂದು ಯಾರಿಗೂ ಹೇಳಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳವಾದದ್ದು. ಒಂದೇ ಭಾಷೆಯಲ್ಲಿ ಸೋತು ಉಳಿದದ್ದರಲ್ಲೆಲ್ಲ ಗೆದ್ದವನಿಗೆ ಅವನ ರ‍್ಯಾಂಕನ್ನು ಮೊದಲ ಪಟ್ಟಿಯಲ್ಲೇ ಕೊಡಿ, ಸೀಟನ್ನು ತಾತ್ಕಾಲಿಕವಾಗಿ ಹಂಚಿ, ಮೊದಲ ವರ್ಷ ಮುಗಿಯುವುದರೊಳಗೆ ಆ ಭಾಷೆಯನ್ನು ಪಾಸು ಮಾಡಲಿ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟರು, ಒಳ್ಳೆಯದೇ. ಆದರೆ ಕೊನೆಯ ಪರೀಕ್ಷೆಯ ತನಕ ಕಾದವನು ಸರದಿಗೆ ಬರುವ ಹೊತ್ತಿಗೆ ಕಡಿಮೆ ಶುಲ್ಕದ ಒಳ್ಳೆಯ ಸೀಟುಗಳು ಉಳಿದಿರುವುದೆಂತು? ಮಿಕ್ಕದ್ದು ಖಾಸಗಿ ಕಾಲೇಜಿನ ದುಬಾರಿ ಸೀಟು. ಉದ್ರಿ ಪುಸ್ತಕ ನಂಬಿ ಬದುಕುವ ಅಂಗಡಿಯವನು, ಪಾಳಿಯ ಸಂಬಳದ ಗಿರಣಿಯಾಳು, ಇಬ್ಬರಿಗೂ ಅದು ಕೈಗೆಟುಕದ ಮಾತು. ಇದರ ಜೊತೆಗೆ ಸರಕಾರಿ ಪ್ರೌಢಶಾಲೆಗಳಲ್ಲಿ ಖಾಲಿಯಿರುವ ಇಂಗ್ಲೀಷು ಉಪಾಧ್ಯಾಯರ ಹುದ್ದೆಗಳನ್ನು ತುಂಬಬೇಕು. ನಗರಸಭೆ ಸಂಜೆ ತರಗತಿಗಳಿಗೆ ಒಂದೆರಡು ಕೋಣೆ ಬಿಟ್ಟುಕೊಡಬೇಕು. ದೀಪದ ಖರ್ಚಿಗಿಂತ ಹೆಚ್ಚೇನೂ ಆಗದು.

ಅಲ್ಲಿಯವರೆಗೆ ಈ ವರ್ಷ ಸೋತವರ ತಂದೆತಾಯಿಗಳಿಗೆ ಒಂದು ಸೂಚನೆ. ಉತ್ತರಪತ್ರಿಕೆಯ ನಕಲನ್ನು ಕೇಳಿ ಪಡೆಯುವ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಹಕ್ಕು ನಿಮಗಿದೆ. ದಿನಗಳ ಗಡುವು ಚಿಕ್ಕದು. ಒಂದೆರಡು ಅಂಕದಿಂದ ತಪ್ಪಿದ್ದರೆ ಇಂದೇ ಕಾಲೇಜಿಗೆ ಹೋಗಿ ವಿಚಾರಿಸಿರಿ. ಜೊತೆಗೇ ಮುಂದಿನ ಪರೀಕ್ಷೆಯ ಶುಲ್ಕವನ್ನೂ ಕಟ್ಟಿಬಿಡಿರಿ.