ಗಂಧಕ ಒಂದೇ, ಕಲಸುವ ಕೈ ಬೇರೆ

ಪುತ್ತೂರು, ಸುಳ್ಯ, ಕಡಬದ ಅಡಿಕೆ ಕೃಷಿಕರಿಗೆ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಆದರೂ ಒಬ್ಬರ ಮದ್ದು ಗೊನೆಗೆ ಅಂಟಿ ನಿಲ್ಲುತ್ತದೆ, ಇನ್ನೊಬ್ಬರದ್ದು ಜಡಿಮಳೆಗೆ ತೊಳೆದು ಹೋಗುತ್ತದೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗಾಮುರುಗಾ ಮಾಡಿದರೆ ಕಣ ಒರಟಾಗುತ್ತದೆ. ಹೊಳೆಯುವ ಚಾಕು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ತಯಾರಿಯ ಬೆಲೆ ಗೊತ್ತಿರುವ ಇದೇ ಊರುಗಳಲ್ಲಿ, ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಆಸರೆಯಾಗುವ ಬ್ಯಾಟರಿಯ ವಿಷಯಕ್ಕೆ ಬಂದರೆ ನಾವು ಸಾಮಾನಿನ ಹೆಸರಷ್ಟನ್ನೇ ಕೇಳಿ ಸುಮ್ಮನಾಗುತ್ತೇವೆ.

ಲಿಥಿಯಂ-ಗಂಧಕ ಬ್ಯಾಟರಿಯ ಸುದ್ದಿಯಲ್ಲಿ ಒಂದು ಅಂಕಿ ಮೆರೆಯುತ್ತದೆ: ಸಿದ್ಧಾಂತದ ಪ್ರಕಾರ ಗ್ರಾಂ ಗಂಧಕಕ್ಕೆ ಸುಮಾರು 1,675 ಮಿಲಿಆಂಪಿಯರ್-ಗಂಟೆ. ಗಂಧಕ ಅಗ್ಗವೂ ಹೌದು. ಸುರತ್ಕಲ್ ಬಳಿಯ ಎಂಆರ್‌ಪಿಎಲ್‌ನಂಥ ತೈಲಾಗಾರಗಳಲ್ಲಿ ಉಪೋತ್ಪನ್ನವಾಗಿ ಸಿಗುತ್ತದೆ. ತೊಡಕೆಂದರೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಇಂಗಾಲ ಬೆರೆಸಲೇಬೇಕು. ಲಿಥಿಯಂ ಅಯಾನುಗಳು ಓಡಾಡುವ ಮಾಧ್ಯಮವಾದ ಎಲೆಕ್ಟ್ರೋಲೈಟು ದ್ರವವಾಗಿದ್ದರೆ ತಾನಾಗಿ ಸಂದುಗೊಂದಿಗೆ ಇಳಿಯುತ್ತದೆ, ಜೊತೆಗೆ ಗಂಧಕದ ಸಂಯುಕ್ತಗಳನ್ನೂ ಕರಗಿಸಿಕೊಂಡು ಸಾಮರ್ಥ್ಯ ಕಳೆಯುತ್ತದೆ. ಘನ ಎಲೆಕ್ಟ್ರೋಲೈಟು ಆ ಸೋರಿಕೆ ತಡೆಯುತ್ತದೆ, ಆದರೆ ತಾನೂ ಎಲ್ಲಿಗೂ ಹರಿದು ಹೋಗದು. ಹಾಗಾಗಿ ಗಂಧಕದ ಕಣಕಣಕ್ಕೂ ಇಂಗಾಲವೂ ಎಲೆಕ್ಟ್ರೋಲೈಟೂ ತಾಗಿರುವಂತೆ ನಾವೇ ಮಾಡಬೇಕು. ತಾಗದ ಗಂಧಕ ಬರೀ ಭಾರ.

ಖಲ್ಲಿನಲ್ಲಿ ಕೈಯಿಂದ ಅರೆದರೆ ಕಣ ದಪ್ಪ ಉಳಿಯುತ್ತದೆ. ಬಾಲ್ ಮಿಲ್ಲಿನಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ನುಣ್ಣಗಾಗಿ ಸಂಪರ್ಕ ಕೂಡುತ್ತದೆ. ಅತಿಯಾದರೆ ಎಲೆಕ್ಟ್ರೋಲೈಟೇ ಕೆಡಬಹುದು. 2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಂಡಾ ನಜರ್ ತಂಡ, ದ್ರವ ಎಲೆಕ್ಟ್ರೋಲೈಟಿನ ಬ್ಯಾಟರಿಗಾಗಿ, ಗಂಧಕವನ್ನು 155 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಇಂಗಾಲದ ರಂಧ್ರಗಳಿಗೆ ಇಳಿಸಿತು. ಆ ಬಿಸಿಯ ಆಸುಪಾಸಿನಲ್ಲಿ ಕರಗಿದ ಗಂಧಕ ತೀರ ನೀರಾಗಿರುತ್ತದೆ. ಆಮೇಲೆ ಅದುಮುವ ಕೆಲಸ. ಲಿಥಿಯಂ ಹೀರಿದ ಗಂಧಕ ಸುಮಾರು 80% ಹಿಗ್ಗುತ್ತದೆ, ಚಾರ್ಜಾದಾಗ ಕುಗ್ಗುತ್ತದೆ. ಸಡಿಲವಾಗಿ ಕಟ್ಟಿದ ಎಲೆಕ್ಟ್ರೋಡು ಒಳಗೊಳಗೇ ಬಿರಿಯುತ್ತದೆ.

ಹೊಸ ವಸ್ತು ಕಂಡುಹಿಡಿಯುವುದೇ ವಿಜ್ಞಾನ, ಕಲಸುವುದು ಒತ್ತುವುದೆಲ್ಲ ಕಾರ್ಖಾನೆಯ ಪಾಡು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2022ರಲ್ಲಿ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು ಲಿಥಿಯಂ ಮತ್ತು ಘನ ಎಲೆಕ್ಟ್ರೋಲೈಟಿನ ನಡುವೆ ಟಂಗ್‌ಸ್ಟನ್ನಿನಂಥ ಲೋಹದ ತೆಳುಪದರ ಇಟ್ಟು, ಸೆಲ್ಲನ್ನು ಕೆಡಿಸುವ ಲಿಥಿಯಂ ಮುಳ್ಳುಗಳು ಬೆಳೆಯುವುದನ್ನು ತಡವಾಗಿಸಿದರು. ಎರಡು ವಸ್ತು ಸೇರುವ ಜಾಗವನ್ನು ಹದಗೊಳಿಸಿದ್ದೇ ಅಲ್ಲಿನ ವಿಜ್ಞಾನ.

ತೆಳ್ಳಗೆ ಗಂಧಕ ಸವರಿದ ಪುಟ್ಟ ಸೆಲ್ಲನ್ನು ಉಕ್ಕಿನ ಅಚ್ಚಿನಲ್ಲಿ ಬಿಗಿದು ಪಡೆದ ಅಂಕಿ, ಕಡಬದ ಮನೆಯೊಂದರ ಇನ್ವರ್ಟರಿಗೆ ಬೇಕಾದ ಬ್ಯಾಟರಿಯ ಅಂಕಿಯಲ್ಲ. ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಗಂಧಕ, ಹೇಗೆ ಅರೆದದ್ದು, ಎಷ್ಟು ಒತ್ತಡದಲ್ಲಿ ನಡೆಸಿದ್ದು, ಇಷ್ಟನ್ನೂ ಹೇಳದ ಹೆಗ್ಗಳಿಕೆಯನ್ನು ನಮ್ಮ ಪತ್ರಿಕೆಗಳು ಅಚ್ಚು ಹಾಕಬಾರದು.